ಇಂಗ್ಲಿಷ್ ಪೀರಿಯಡ್‌ನ ಮೌನ: ಎರಡನೇ ಭಾಷೆಯ ಕಲಿಕೆಯಲ್ಲಿ ಭಾವನೆಗಳ ಪಾತ್ರ

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಎರಡನೇ ಭಾಷೆಯ ಬಗ್ಗೆ ಬರೆಯುವುದು ಇಂಗ್ಲಿಷ್ ಬೋಧನಾಶಾಸ್ತ್ರ ತೆಗೆದುಕೊಂಡಿರುವ ಸಹಪಾಠಿಗಳ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನದಿಂದ ಪಾಠ, ಪುಸ್ತಕ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಅಲ್ಲಿಗೆ ಹೋದವರಲ್ಲಿ ನಾನೂ ಒಬ್ಬಳು. ‘ವೇಗೋತ್ಕರ್ಷ’ ಚೆನ್ನಾಗಿ ಗೊತ್ತಿದ್ದೂ ‘ಆಕ್ಸಲರೇಷನ್’ ಎಂಬ ಪದದ ಮುಂದೆ ಬಾಯಿ ಕಟ್ಟಿ ಕೂತ ಆ ಮೊದಲ ತಿಂಗಳುಗಳು ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಆದ್ದರಿಂದ ಇದು ವಿಜ್ಞಾನ ಶಿಕ್ಷಕಿಗೂ ಸಂಬಂಧಪಟ್ಟ ವಿಷಯವೇ.

ಈ ವರ್ಷದ ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕಿದ್ದು ದಾವಣಗೆರೆ ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ ಎರಡು ವಿಭಾಗಗಳಿವೆ. ಒಂದು ಕನ್ನಡ ಮಾಧ್ಯಮ, ಇನ್ನೊಂದು ಇಂಗ್ಲಿಷ್ ಮಾಧ್ಯಮ. ನಾನು ವಿಜ್ಞಾನ ತೆಗೆದುಕೊಂಡದ್ದು ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ. ಅಲ್ಲಿನ 41 ಮಕ್ಕಳಲ್ಲಿ ಹೆಚ್ಚಿನವರು ಏಳನೇ ತರಗತಿಯವರೆಗೆ ಸುತ್ತಲಿನ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಓದಿ ಬಂದವರು. ಇಂಗ್ಲಿಷ್ ಶಿಕ್ಷಕರು ರಜೆ ಹಾಕಿದ ದಿನ ಅವರ ಪೀರಿಯಡ್ಡೂ ನನ್ನ ಪಾಲಿಗೆ ಬರುತ್ತಿತ್ತು. ಹೀಗೆ ಅದೇ ಮಕ್ಕಳನ್ನು ಎರಡು ಬಗೆಯ ಪೀರಿಯಡ್‌ಗಳಲ್ಲಿ ನೋಡುವ ಅವಕಾಶ ಸಿಕ್ಕಿತು. ವಿಜ್ಞಾನದಲ್ಲಿ ಗಲಾಟೆ ಮಾಡುವ ಬೆಂಚುಗಳು ಇಂಗ್ಲಿಷಿನಲ್ಲಿ ತಣ್ಣಗಿರುತ್ತಿದ್ದವು. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಅಂದರೆ ಈ ಮಕ್ಕಳು ಏಳು ವರ್ಷ ಇಂಗ್ಲಿಷ್ ಪೀರಿಯಡ್‌ನಲ್ಲಿ ಕೂತು ಬಂದವರು. ಏಳು ವರ್ಷದ ನಂತರವೂ ಬಾಯಿ ತೆರೆಯದಿದ್ದರೆ ಕಾರಣವನ್ನು ಬರೀ ವ್ಯಾಕರಣದಲ್ಲಿ ಹುಡುಕಿದರೆ ಸಾಲದು ಎಂದು ನನಗನಿಸಿತು.

‘ಎರಡನೇ ಭಾಷೆ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಲೆಕ್ಕದಲ್ಲಿ ಈ ಮಕ್ಕಳಿಗೆ 125 ಅಂಕದ ಕನ್ನಡ ಪ್ರಥಮ ಭಾಷೆ, 100 ಅಂಕದ ಇಂಗ್ಲಿಷ್ ದ್ವಿತೀಯ ಭಾಷೆ. ಆದರೆ ತಾಂಡಾದಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಮಸೀದಿ ಬೀದಿಯ ಮಕ್ಕಳದ್ದು ಉರ್ದು. ಇವರಿಗೆ ಎರಡನೆಯದು ಕನ್ನಡ, ಇಂಗ್ಲಿಷ್ ಮೂರನೆಯದು. ಅಂದರೆ ನಾವು ‘ಭಾಷೆ ಬರುವುದಿಲ್ಲ’ ಎಂದು ಬರೆದುಕೊಳ್ಳುವ ಮಗು ಆಗಲೇ ಒಂದು ಹೆಚ್ಚಿನ ಭಾಷೆಯನ್ನು ಕಲಿತು ಮುಗಿಸಿದೆ. ಕಲಿತದ್ದಾದರೂ ಎಲ್ಲಿ? ಗೋಲಿ ಆಡುವಾಗ, ಅಂಗಡಿಯಲ್ಲಿ ಚಿಲ್ಲರೆಗೆ ಜಗಳವಾಡುವಾಗ, ನೀರಿನ ಸಾಲಿನಲ್ಲಿ ನಿಂತಾಗ. ಅಲ್ಲಿ ತಪ್ಪು ಮಾತಾಡಿದರೂ ಗೋಲಿ ಸಿಗುತ್ತದೆ, ಚಿಲ್ಲರೆ ಸಿಗುತ್ತದೆ. ಕನ್ನಡ ಅವರ ಸುತ್ತ ದಿನವಿಡೀ ಇದೆ, ಇಂಗ್ಲಿಷ್ ನಲವತ್ತು ನಿಮಿಷ ಮಾತ್ರ ಇದೆ ಎಂಬುದು ನಿಜ. ಆ ವ್ಯತ್ಯಾಸ ದೊಡ್ಡದು. ಆದರೂ ಎರಡು ಜಾಗಗಳಲ್ಲಿ ಮಗುವಿನ ಮನಸ್ಸಿನ ಸ್ಥಿತಿ ಒಂದೇ ಆಗಿರುವುದಿಲ್ಲ ಎಂಬುದೂ ಅಷ್ಟೇ ನಿಜ.

ಸೋಸುವ ಪರದೆ ಎಂಬ ಕಲ್ಪನೆ

ನಮ್ಮ ಪಠ್ಯಗಳಲ್ಲಿ ಈ ವಿಷಯ ಬಂದಾಗಲೆಲ್ಲ ಸ್ಟೀಫನ್ ಕ್ರಾಶೆನ್ ಅವರ ಹೆಸರು ಬರುತ್ತದೆ. ‘ಅಫೆಕ್ಟಿವ್ ಫಿಲ್ಟರ್’ ಎಂಬ ಪದವನ್ನು 1977ರಲ್ಲಿ ಬಳಕೆಗೆ ತಂದವರು ಡ್ಯುಲೇ ಮತ್ತು ಬರ್ಟ್. ಕ್ರಾಶೆನ್ 1982ರ ತಮ್ಮ ಪುಸ್ತಕದಲ್ಲಿ ಅದನ್ನು ವಿಸ್ತರಿಸಿದರು. ಕನ್ನಡದಲ್ಲಿ ಭಾವಶೋಧಕ ಎನ್ನೋಣ. ಮಗುವಿನ ಕಿವಿಗೆ ಬಿದ್ದ ಭಾಷೆಯೆಲ್ಲ ಒಳಗೆ ಇಳಿಯುವುದಿಲ್ಲ. ಆತಂಕ ಹೆಚ್ಚಿದ್ದರೆ, ಆತ್ಮವಿಶ್ವಾಸ ಕಡಿಮೆಯಿದ್ದರೆ, ಕಲಿಯುವ ಆಸೆ ಇಲ್ಲದಿದ್ದರೆ ನಡುವಿನ ಪರದೆ ದಪ್ಪವಾಗುತ್ತದೆ. ಅರ್ಥವಾಗುವಂಥ ಮಾತು ಕೇಳಿದರೂ ಅದು ಕಲಿಕೆಯಾಗಿ ಬದಲಾಗುವುದಿಲ್ಲ. ಇದು ಅವರ ವಾದದ ಸಾರ.

ವಿಜ್ಞಾನದ ವಿದ್ಯಾರ್ಥಿನಿಯಾಗಿ ನನಗೆ ಇದರಲ್ಲಿ ಒಂದು ತೊಡಕು ಕಾಣುತ್ತದೆ. ಪ್ರಯೋಗಾಲಯದ ಸೋಸುಕಾಗದದ ರಂಧ್ರ ಎಷ್ಟು ದೊಡ್ಡದು ಎಂದು ಅಳೆಯಬಹುದು. ಈ ಪರದೆಯನ್ನು ಅಳೆಯುವುದು ಹೇಗೆ? ಮಗು ಕಲಿತರೆ ಪರದೆ ತೆಳುವಾಗಿತ್ತು, ಕಲಿಯದಿದ್ದರೆ ದಪ್ಪವಾಗಿತ್ತು ಎಂದು ಆಮೇಲೆ ಹೇಳಿದರೆ ಅದು ವಿವರಣೆ ಆಗುವುದಿಲ್ಲ. ಈ ಟೀಕೆ ಹೊಸದೇನೂ ಅಲ್ಲ, ಭಾಷಾ ವಿಜ್ಞಾನಿಗಳೇ ಮಾಡಿದ್ದಾರೆ. ಪಾಠಯೋಜನೆಯ ಉದ್ದೇಶಗಳಲ್ಲಿ ‘ಭಾವಶೋಧಕವನ್ನು ತಗ್ಗಿಸುವುದು’ ಎಂದು ಬರೆದು ಮುಂದೆ ಹೋಗುವ ನಮ್ಮ ಅಭ್ಯಾಸ ಹಾಗಾಗಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು 1986ರಲ್ಲಿ ಇಲೇನ್ ಹಾರ್ವಿಟ್ಜ್ ಮತ್ತು ಅವರ ಸಹಲೇಖಕರು ಬರೆದ ಲೇಖನ. ಅವರು ಭಾಷಾ ತರಗತಿಯ ಆತಂಕವನ್ನು ಸಾಮಾನ್ಯ ಅಂಜುಬುರುಕತನದಿಂದ ಬೇರೆ ಮಾಡಿ ತೋರಿಸಿದರು, ಅದನ್ನು ಅಳೆಯಲು 33 ಹೇಳಿಕೆಗಳ ಒಂದು ಮಾಪನಿಯನ್ನೂ ಮಾಡಿದರು. ಮೂರು ಭಯಗಳನ್ನು ಅವರು ಇದಕ್ಕೆ ಹತ್ತಿರದವು ಎಂದು ಗುರುತಿಸುತ್ತಾರೆ. ಒಂದು, ಮಾತನಾಡುವ ಭಯ. ಎರಡು, ಪರೀಕ್ಷೆಯ ಭಯ. ಮೂರು, ಬೇರೆಯವರು ನಮ್ಮನ್ನು ಕೀಳಾಗಿ ಅಳೆಯುತ್ತಾರೆ ಎಂಬ ಭಯ. ಗಣಿತದಲ್ಲಿ ಧೈರ್ಯವಾಗಿ ಬೋರ್ಡಿನ ಹತ್ತಿರ ಬರುವ ಹುಡುಗ ಇಂಗ್ಲಿಷಿನಲ್ಲಿ ತಲೆ ತಗ್ಗಿಸುವುದೇಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಲೆಕ್ಕದಲ್ಲಿ ತಪ್ಪಾದರೆ ಉತ್ತರ ಅಳಿಸಿದರಾಯಿತು. ಭಾಷೆಯಲ್ಲಿ ತಪ್ಪು ಬರುವುದು ತನ್ನದೇ ದನಿಯಲ್ಲಿ, ಎಲ್ಲರ ಕಿವಿಗೂ ಬೀಳುವಂತೆ. ಹದಿಮೂರು ವರ್ಷದ ಮಗುವಿಗೆ ತನ್ನ ದನಿಯೂ ತಾನೂ ಬೇರೆ ಬೇರೆ ಎನಿಸುವುದಿಲ್ಲ.

ಚೀಟಿಗಳಲ್ಲಿ ಬಂದ ಉತ್ತರಗಳು

33 ಹೇಳಿಕೆಗಳ ಮಾಪನಿ ನಮ್ಮ ತರಗತಿಗೆ ಹೊಂದುವಂಥದ್ದಲ್ಲ. ನಾನು ಒಂದು ಅರೇಂಜ್‌ಮೆಂಟ್ ಪೀರಿಯಡ್‌ನಲ್ಲಿ ಅರ್ಧ ಹಾಳೆ ಕೊಟ್ಟು, ಹೆಸರು ಬರೆಯದೆ, ಕನ್ನಡದಲ್ಲೇ ಒಂದು ಪ್ರಶ್ನೆಗೆ ಉತ್ತರ ಬರೆಯಲು ಹೇಳಿದೆ: ಇಂಗ್ಲಿಷ್ ವಿಷಯದಲ್ಲಿ ನಿಮಗೆ ಯಾವಾಗ ಹೆದರಿಕೆ ಆಗುತ್ತದೆ? ಇದು ಸಂಶೋಧನೆಯಲ್ಲ, ಬರೀ ವಿಚಾರಣೆ. ಆದರೆ ಉತ್ತರಗಳು ಪುಸ್ತಕದ ಮೂರು ಭಯಗಳಿಗಿಂತ ನಿಖರವಾಗಿದ್ದವು.

ಹೆಚ್ಚು ಚೀಟಿಗಳಲ್ಲಿ ಬಂದದ್ದು ರೋಲ್ ನಂಬರ್ ಪ್ರಕಾರ ಪಾಠ ಓದಿಸುವ ವಿಚಾರ. “ನನ್ನ ಹಿಂದಿನ ನಂಬರ್ ಓದುವಾಗ ಕೈ ತಣ್ಣಗಾಗುತ್ತದೆ” ಎಂದು ಒಬ್ಬರು ಬರೆದಿದ್ದರು. “ಇಸ್ಕೂಲ್ ಅಂದೆ, ಅವತ್ತಿನಿಂದ ನನ್ನನ್ನು ಹಾಗೇ ಕರೀತಾರೆ” ಎಂದು ಇನ್ನೊಂದು ಚೀಟಿ. ಒಂದರಲ್ಲಿ ಹೀಗಿತ್ತು: “ಬ್ಯಾಂಕಿನಿಂದ ಮೆಸೇಜ್ ಬಂದಾಗ ನಮ್ಮಪ್ಪ ಓದು ಅಂತಾರೆ. ಬರಲ್ಲ ಅಂದ್ರೆ ಇಂಗ್ಲಿಷ್ ಮೀಡಿಯಂ ಯಾಕೆ ಸೇರಿಸಿದ್ದು ಅಂತಾರೆ.” ಈ ಭಯ ಶಾಲೆಯ ಗೇಟಿನ ಹೊರಗಿನದು, ಆದರೆ ಮಗು ಅದನ್ನು ಹೊತ್ತುಕೊಂಡೇ ತರಗತಿಗೆ ಬರುತ್ತದೆ. ಇನ್ನೊಂದು ಚೀಟಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು: “ಒಂದನೇ ಕ್ಲಾಸಿನಲ್ಲಿ ನನ್ನ ಕನ್ನಡಕ್ಕೂ ನಗ್ತಿದ್ರು.” ಮೇಲೆ ನಾನು ಬೀದಿಯ ಕನ್ನಡದ ಬಗ್ಗೆ ಬರೆದದ್ದಕ್ಕೆ ಇದನ್ನು ಸೇರಿಸಿ ಓದಬೇಕು. ಗೋಲಿ ಆಟದಲ್ಲಿ ಸಲೀಸಾಗಿ ಬಂದ ಕನ್ನಡವೇ ತರಗತಿಯಲ್ಲಿ ನಗೆಪಾಟಲಾಗಿತ್ತು. ಆ ಮಗುವಿಗೆ ಇಂಗ್ಲಿಷಿನ ಭಯ ಇಂಗ್ಲಿಷಿನಿಂದ ಶುರುವಾದದ್ದಲ್ಲ.

ರೋಲ್ ನಂಬರ್ ಓದಿನ ವಿಷಯವನ್ನು ಇನ್ನಷ್ಟು ನೋಡೋಣ, ಏಕೆಂದರೆ ಭಾವನೆ ಕಲಿಕೆಯನ್ನು ಹೇಗೆ ತಡೆಯುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಒಂದು ದಿನ ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ನಾನು ತರಗತಿಯ ಹಿಂದೆ ಕೂತು, ಓದುತ್ತಿದ್ದ ಮಗುವನ್ನು ಬಿಟ್ಟು ಉಳಿದವರನ್ನು ನೋಡಿದೆ. ಸರದಿ ಬರಬೇಕಾದ ಮಕ್ಕಳು ಬೆರಳಿಟ್ಟು ಪ್ಯಾರಾ ಎಣಿಸುತ್ತಿದ್ದರು. ತಮ್ಮ ಪಾಲಿಗೆ ಯಾವುದು ಬರುತ್ತದೆ ಎಂದು ಲೆಕ್ಕ ಹಾಕಿ ಅದನ್ನೇ ತುಟಿ ಅಲುಗಿಸುತ್ತ ಓದಿಕೊಳ್ಳುತ್ತಿದ್ದರು. ನಡುವೆ ಶಿಕ್ಷಕರು ಒಬ್ಬನಿಗೆ “ಇನ್ನೂ ಎರಡು ಸಾಲು ಓದು” ಎಂದರೆ ಎಲ್ಲರ ಲೆಕ್ಕವೂ ತಪ್ಪಿ ಮತ್ತೆ ಬೆರಳುಗಳು ಓಡುತ್ತಿದ್ದವು. ಓದಿ ಮುಗಿಸಿದವರು ಉಸಿರು ಬಿಟ್ಟು ಕಿಟಕಿ ನೋಡುತ್ತಿದ್ದರು. ಕತೆಯಲ್ಲಿ ಏನಾಯಿತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೊತ್ತಿರಬೇಕು ಎಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಮನೋವಿಜ್ಞಾನದ ಪೇಪರಿನಲ್ಲಿ ನಾವು ವರ್ಕಿಂಗ್ ಮೆಮೊರಿಯ ಬಗ್ಗೆ ಓದಿದ್ದೇವೆ. ಒಂದು ಹೊತ್ತಿಗೆ ಮನಸ್ಸು ಕೈಯಲ್ಲಿ ಹಿಡಿದುಕೊಳ್ಳಬಲ್ಲ ಸಂಗತಿಗಳು ಕೆಲವೇ. ಆತಂಕವೂ ಅಲ್ಲೇ ಜಾಗ ಕೇಳುತ್ತದೆ. ‘ನಗುತ್ತಾರಾ, ಸರ್ ಬೈಯ್ಯುತ್ತಾರಾ, ಈ ಪದ ಹೇಗೆ ಓದುವುದು’ ಎಂಬ ಯೋಚನೆಗಳು ತುಂಬಿಕೊಂಡರೆ ಪಾಠಕ್ಕೆ ಉಳಿಯುವುದು ಸ್ವಲ್ಪವೇ. ಮ್ಯಾಕಿಂಟೈರ್ ಮತ್ತು ಗಾರ್ಡ್‌ನರ್ 1994ರಲ್ಲಿ ಇದನ್ನು ಮೂರು ಹಂತಗಳಲ್ಲಿ ನೋಡಿದರು: ಕೇಳಿಸಿಕೊಳ್ಳುವ ಹಂತ, ಒಳಗೆ ಜೋಡಿಸಿಕೊಳ್ಳುವ ಹಂತ, ಹೊರಗೆ ಹೇಳುವ ಹಂತ. ನಮಗೆ ಕಾಣುವುದು ಕೊನೆಯ ಹಂತ ಮಾತ್ರ, ಅಂದರೆ ಮಗು ತಡವರಿಸುವುದು. ಆದರೆ ಆತಂಕ ಮೊದಲ ಹಂತದಲ್ಲೇ ಕೆಲಸ ಮಾಡಿರಬಹುದು. ಕಿವಿಗೆ ಬಿದ್ದ ವಾಕ್ಯವನ್ನು ಮಗು ಕೇಳಿಸಿಕೊಂಡೇ ಇರುವುದಿಲ್ಲ. ಅಂಥ ಮಗುವಿಗೆ ಉತ್ತರವನ್ನು ಹತ್ತು ಸಲ ಬರೆಯಲು ಕೊಟ್ಟರೆ ತೊಂದರೆ ಇರುವ ಜಾಗವನ್ನು ನಾವು ಮುಟ್ಟಿದಂತೆಯೇ ಆಗುವುದಿಲ್ಲ.

ಕೌಶಲ್ಯಗಳನ್ನು ಅಭ್ಯಾಸ ಮಾಡುವ ನಮಗೆ ಇಲ್ಲಿ ಒಂದು ಮಾತು. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಗಮನಿಸಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಕಂಡರು. ಮೂರು ಸೆಕೆಂಡಿಗಿಂತ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಉತ್ತರ ಕೊಡದವರ ಸಂಖ್ಯೆ ಕಡಿಮೆಯಾಯಿತು. ಅವರು ನೋಡಿದ ತರಗತಿಗಳ ಪ್ರಶ್ನೆ ವಿಜ್ಞಾನದ್ದು, ಭಾಷೆಯದ್ದಲ್ಲ. ನಮ್ಮ ಮಗು ಏನೇನು ಮಾಡಬೇಕು ನೋಡಿ. ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಳ್ಳಬೇಕು, ಕನ್ನಡದಲ್ಲಿ ಉತ್ತರ ಯೋಚಿಸಬೇಕು, ಇಂಗ್ಲಿಷ್ ಪದ ಹುಡುಕಬೇಕು, ಕನ್ನಡದಲ್ಲಿ ಕೊನೆಗೆ ಬರುವ ಕ್ರಿಯಾಪದವನ್ನು ಇಂಗ್ಲಿಷಿನಲ್ಲಿ ಕರ್ತೃವಿನ ಪಕ್ಕಕ್ಕೆ ತಂದು ಕೂರಿಸಬೇಕು, ಉಚ್ಚಾರಣೆ ನೋಡಿಕೊಳ್ಳಬೇಕು, ಕೊನೆಗೆ ಹಿಂದಿನ ಬೆಂಚಿನ ಕಡೆಗೂ ಒಮ್ಮೆ ನೋಡಬೇಕು. ಇದಕ್ಕೆ ನಾವು ಕೊಡುವುದು ಒಂದು ಸೆಕೆಂಡ್. ಆರು ನಿಮಿಷದ ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲ್ಯಕ್ಕೆ ವೀಕ್ಷಕರು ಪ್ರಶ್ನೆಗಳ ಸಂಖ್ಯೆಯನ್ನು ಗೀಟು ಹಾಕಿ ಎಣಿಸುತ್ತಾರೆ. ಕಾದ ಸೆಕೆಂಡುಗಳಿಗೆ ಆ ಹಾಳೆಯಲ್ಲಿ ಒಂದು ಕಾಲಂ ಇದ್ದರೆ ಒಳ್ಳೆಯದಿತ್ತು. ಇದು ನಮ್ಮ ಅಧ್ಯಾಪಕರಿಗೆ ವಿನಂತಿಯೂ ಹೌದು.

ಭಯವೇ ಕಾರಣವೋ, ಪರಿಣಾಮವೋ

ಎರಡನೇ ವಾರದಲ್ಲಿ ನನಗೆ ಒಂದು ಪಟ್ಟಿ ಸಿಕ್ಕಿತು. ನಿಧಾನ ಕಲಿಕಾರ್ಥಿಗಳ ಪಟ್ಟಿ, 12 ಹೆಸರುಗಳು. ಮೊದಲ ರೂಪಣಾತ್ಮಕ ಮೌಲ್ಯಮಾಪನದ ಅಂಕ ಮತ್ತು ತರಗತಿಯಲ್ಲಿ ಗಟ್ಟಿಯಾಗಿ ಓದಿದ ರೀತಿ, ಇವೆರಡನ್ನು ನೋಡಿ ಮಾಡಿದ್ದು. ಪಟ್ಟಿಯಲ್ಲಿರುವವರನ್ನು ಕನ್ನಡ ಮಾಧ್ಯಮದ ವಿಭಾಗಕ್ಕೆ ಕಳಿಸುವ ಬಗ್ಗೆ ಪೋಷಕರ ಜೊತೆ ಮಾತನಾಡಬೇಕು ಎಂಬ ಯೋಚನೆ ಶಾಲೆಯಲ್ಲಿತ್ತು. ಕನ್ನಡ ಮಾಧ್ಯಮ ಶಿಕ್ಷೆಯೇನೂ ಅಲ್ಲ, ನಾನು ಅಲ್ಲೇ ಓದಿದವಳು; ಕೆಲವು ಮಕ್ಕಳಿಗೆ ಅದೇ ಸರಿಯೂ ಇರಬಹುದು. ಆದರೆ ಬಾಯಿ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ, ‘ನಿನ್ನಿಂದ ಆಗಲಿಲ್ಲ’ ಎಂಬ ಮಾತಿನೊಂದಿಗೆ ಹೋಗುವ ಮಗು ಆ ಮಾತನ್ನು ಪಿಯುಸಿವರೆಗೂ ಒಯ್ಯುತ್ತದೆ. ಪಟ್ಟಿಯಲ್ಲಿದ್ದ ಒಬ್ಬ ಹುಡುಗಿ ವಿಜ್ಞಾನದ ಪೀರಿಯಡ್‌ನಲ್ಲಿ ನನಗೆ ಅತಿ ಹೆಚ್ಚು ಪ್ರಶ್ನೆ ಕೇಳುವವಳು. ಪ್ರಶ್ನೆಗಳೆಲ್ಲ ಕನ್ನಡದಲ್ಲಿ.

ಮಾರ್ಗದರ್ಶಕ ಶಿಕ್ಷಕರಿಗೆ ಈ ವಿಷಯ ಹೇಳಿದಾಗ ಅವರು ಒಂದು ಒಳ್ಳೆಯ ಸಲಹೆ ಕೊಟ್ಟರು: “ಒಬ್ಬೊಬ್ಬರನ್ನೇ ಕರೆದು ಕೇಳಿ ನೋಡ್ರಿ.” ಮಧ್ಯಾಹ್ನದ ಊಟದ ನಂತರ ಜಗುಲಿಯಲ್ಲಿ ಕೂತು ಹನ್ನೆರಡು ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆದು ಏಳನೇ ತರಗತಿಯ ಪುಸ್ತಕದಿಂದ ಕೆಲವು ಸಾಲು ಓದಿಸಿದೆವು. ಕೇಳುವವರು ನಾವಿಬ್ಬರೇ. ಪಟ್ಟಿಯಲ್ಲಿ ಎರಡು ಬೇರೆ ಗುಂಪುಗಳು ಇದ್ದದ್ದು ಅಲ್ಲಿ ಗೊತ್ತಾಯಿತು. ಕೆಲವರು ತಗ್ಗಿದ ದನಿಯಲ್ಲಿ, ನಿಧಾನವಾಗಿ, ಆದರೆ ಸರಿಯಾಗಿ ಓದಿದರು, ಓದಿದ್ದರ ಅರ್ಥವನ್ನು ಕನ್ನಡದಲ್ಲಿ ಹೇಳಿದರು. ಪ್ರಶ್ನೆ ಕೇಳುವ ಆ ಹುಡುಗಿ ಇವರಲ್ಲಿ ಒಬ್ಬಳು. ಉಳಿದವರಿಗೆ ಅಕ್ಷರ ಕೂಡಿಸುವುದೇ ಕಷ್ಟ. ಮೊದಲ ಅಕ್ಷರ ನೋಡಿ ಪದವನ್ನು ಊಹಿಸುತ್ತಿದ್ದರು.

ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ವಿಷಯ ಇದೇ. ಭಾವನೆಗಳ ಬಗ್ಗೆ ಮಾತನಾಡುವಾಗ ನಾವು ಭಯವನ್ನು ಯಾವಾಗಲೂ ಕಾರಣ ಎಂದುಕೊಳ್ಳುತ್ತೇವೆ. ರಿಚರ್ಡ್ ಸ್ಪಾರ್ಕ್ಸ್ ಮತ್ತು ಲಿಯೊನೋರ್ ಗ್ಯಾನ್‌ಶೋ 1991ರಲ್ಲಿ ಇದನ್ನು ಪ್ರಶ್ನಿಸಿದರು. ಅಕ್ಷರ-ಧ್ವನಿ ಜೋಡಣೆಯಂಥ ಮೂಲ ಸಂಗತಿಗಳಲ್ಲಿ ತೊಂದರೆ ಇರುವ ಮಗು ಭಾಷೆಗೆ ಹೆದರುವುದು ಸಹಜ. ಅಲ್ಲಿ ಭಯ ಪರಿಣಾಮವೇ ಹೊರತು ಕಾರಣ ಅಲ್ಲ ಎಂಬುದು ಅವರ ವಾದ. ಈ ಎರಡು ವಾದಗಳಲ್ಲಿ ಯಾವುದು ಸರಿ ಎಂದು ಕೇಳುವ ಬದಲು ನಮ್ಮ ಮುಂದಿರುವ ಈ ಮಗುವಿಗೆ ಯಾವುದು ಹೊಂದುತ್ತದೆ ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಓದಬಲ್ಲ, ಆದರೆ ನಾಚಿಕೆಯಿಂದ ಮುಚ್ಚಿಕೊಂಡ ಮಗುವಿಗೆ ಪರಿಹಾರ ಬೋಧನೆಯ ಹೆಸರಿನಲ್ಲಿ ಮತ್ತೆ ಎಬಿಸಿಡಿ ಬರೆಸಿದರೆ ಅವಮಾನ ಇನ್ನೂ ಹೆಚ್ಚುತ್ತದೆ. ಅಕ್ಷರವೇ ಬಾರದ ಮಗುವಿಗೆ ‘ಹೆದರಬೇಡಪ್ಪ, ಧೈರ್ಯವಾಗಿ ಓದು’ ಎಂದು ಬೆನ್ನು ತಟ್ಟಿದರೆ ಅದರಿಂದ ಅಕ್ಷರ ಬರುವುದಿಲ್ಲ. ಎರಡೂ ಮಕ್ಕಳು ತರಗತಿಯಲ್ಲಿ ಒಂದೇ ರೀತಿ ಸುಮ್ಮನಿರುತ್ತಾರೆ. ಹತ್ತಿರ ಕೂತು ಕೇಳದೆ ಬೇರೆ ಮಾಡಲು ಆಗುವುದಿಲ್ಲ.

ಭಯ ಸ್ವಲ್ಪ ಇರಬೇಕು ಎನ್ನುವವರೂ ಇದ್ದಾರೆ. ಸಿಬ್ಬಂದಿ ಕೊಠಡಿಯಲ್ಲಿ ಈ ಮಾತು ಆಗಾಗ ಕೇಳುತ್ತದೆ, ಅದಕ್ಕೆ ಯರ್ಕ್ಸ್–ಡಾಡ್ಸನ್ ನಿಯಮವನ್ನು ಆಧಾರ ಕೊಡುವುದೂ ಉಂಟು. ಮಧ್ಯಮ ಪ್ರಮಾಣದ ಉದ್ವೇಗ ಕಲಿಕೆಗೆ ಸಹಾಯಕ ಎಂದು ನಮ್ಮ ನೋಟ್ಸ್‌ಗಳಲ್ಲಿ ಗಂಟೆಯಾಕಾರದ ರೇಖಾಚಿತ್ರ ಇದೆ. 1908ರ ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಸಣ್ಣ ವಿದ್ಯುತ್ ಆಘಾತ ಕೊಟ್ಟು. ಕೆಲಸ ಕಷ್ಟವಾದಷ್ಟೂ ಸಹಿಸಬಲ್ಲ ಆಘಾತ ಕಡಿಮೆ ಎಂಬುದೂ ಅದೇ ಪ್ರಯೋಗದ ಫಲಿತಾಂಶ. ಆ ಭಾಗವನ್ನು ಸಿಬ್ಬಂದಿ ಕೊಠಡಿಯಲ್ಲಿ ಯಾರೂ ಹೇಳುವುದಿಲ್ಲ. ಹೊಸ ಭಾಷೆಯಲ್ಲಿ ಮಾತನಾಡುವುದು ಸುಲಭದ ಕೆಲಸವಲ್ಲ.

ಗಮನ ಬೇರೆ ಕಡೆ ಇದ್ದಾಗ

ವಿಜ್ಞಾನದ ಪೀರಿಯಡ್‌ನಲ್ಲಿ ನಡೆದದ್ದು ಇದಕ್ಕೆ ಪೂರಕವಾಗಿದೆ. ದ್ರವಗಳ ಮೂಲಕ ವಿದ್ಯುತ್ ಹರಿಯುತ್ತದೆಯೇ ಎಂದು ನೋಡಲು ನಿಂಬೆರಸ, ಸೆಲ್, ವೈರ್, ಒಂದು ಸಣ್ಣ ಬಲ್ಬ್, ಒಂದು ಎಲ್‌ಇಡಿ ಕೊಟ್ಟಿದ್ದೆ. ನಿಂಬೆರಸದಲ್ಲಿ ಹರಿಯುವ ವಿದ್ಯುತ್ ದುರ್ಬಲವಾದ್ದರಿಂದ ಬಲ್ಬ್ ಉರಿಯುವುದಿಲ್ಲ, ಎಲ್‌ಇಡಿ ಉರಿಯುತ್ತದೆ. ಪಟ್ಟಿಯಲ್ಲಿದ್ದ ಒಬ್ಬ ಹುಡುಗ ಕೂಗಿದ: “ಮಿಸ್, ಬಲ್ಬ್ ನಾಟ್ ಗ್ಲೋಯಿಂಗ್! ಎಲ್‌ಇಡಿ ಗ್ಲೋಯಿಂಗ್!” ಪಕ್ಕದವನು ಉತ್ತರಿಸಿದ: “ಇಲ್ಲಿ ವೈರ್ ಲೂಸ್ ಐತಿ, ಸರ್ಕ್ಯೂಟ್ ನಾಟ್ ಕಂಪ್ಲೀಟ್.” ವಾಕ್ಯಗಳು ಪೂರ್ತಿ ಸರಿಯಿಲ್ಲ. ಆದರೆ ‘ನಾಟ್’ ಬರಬೇಕಾದ ಜಾಗದಲ್ಲೇ ಬಂದಿದೆ. ಯಾರೂ ನಗಲಿಲ್ಲ, ಎಲ್ಲರ ಕಣ್ಣೂ ಎಲ್‌ಇಡಿ ಮೇಲಿತ್ತು.

ಇದಕ್ಕೆ ಹತ್ತಿರದ ಒಂದು ದೊಡ್ಡ ಪ್ರಯತ್ನ ನಮ್ಮಲ್ಲೇ ನಡೆದಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಯೋಜನೆ ಅದು. ವ್ಯಾಕರಣವನ್ನು ಬಿಡಿಬಿಡಿಯಾಗಿ ಕಲಿಸುವ ಬದಲು ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಮಾಡುವುದು, ನಕ್ಷೆ ನೋಡಿ ದಾರಿ ಹುಡುಕುವುದು ಮುಂತಾದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದರು. ಮನಸ್ಸು ಅರ್ಥದ ಕಡೆ ಇದ್ದಾಗ ಭಾಷೆಯ ರಚನೆ ತಾನಾಗಿ ಒಳಗೆ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ಇಡೀ ಜಗತ್ತಿನ ಭಾಷಾ ಶಿಕ್ಷಕರು ಇದನ್ನು ಚರ್ಚಿಸಿದ್ದಾರೆ. ಪ್ರಭು ಅವರ ಉದ್ದೇಶ ಭಯ ನಿವಾರಣೆಯಾಗಿರಲಿಲ್ಲ. ಆದರೆ ‘ಮೂರು ಗಂಟೆಯೊಳಗೆ ತಲುಪಲು ಯಾವ ರೈಲು ಹಿಡಿಯಬೇಕು’ ಎಂದು ಯೋಚಿಸುವ ಮಗುವಿಗೆ ತನ್ನ ಉಚ್ಚಾರಣೆಯನ್ನು ಕಾಯುತ್ತ ಕೂರಲು ಪುರುಸೊತ್ತಿರುವುದಿಲ್ಲ ಎಂದು ನನ್ನ ತರಗತಿ ನೋಡಿದ ಮೇಲೆ ಅನಿಸುತ್ತದೆ.

ಸಂತೋಷ ಮತ್ತು ಆತಂಕ ಒಂದೇ ಕೋಲಿನ ಎರಡು ತುದಿಗಳಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ದೇವಾಲ್ ಮತ್ತು ಮ್ಯಾಕಿಂಟೈರ್ 2014ರಲ್ಲಿ ತೋರಿಸಿದಂತೆ ಭಾಷಾ ತರಗತಿಯಲ್ಲಿ ಎರಡೂ ಒಟ್ಟಿಗೆ ಇರಬಹುದು. ಭಯ ಪೂರ್ತಿ ಹೋಗಲಿ ಎಂದು ಕಾಯುತ್ತ ಕೂರುವ ಅಗತ್ಯವಿಲ್ಲ.

ತಪ್ಪು ತಿದ್ದುವುದರ ಬಗ್ಗೆ

ಮಕ್ಕಳ ಮನಸ್ಸಿಗೆ ನೋವಾಗಬಾರದು ಎಂದರೆ ತಪ್ಪನ್ನೇ ತಿದ್ದಬಾರದು ಎಂದು ಕೆಲವರು ಅರ್ಥ ಮಾಡಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ತಿದ್ದದೆ ಬಿಟ್ಟರೆ ಮಗು ಹತ್ತನೇ ತರಗತಿಯ ಉತ್ತರಪತ್ರಿಕೆಯಲ್ಲಿ ಅದೇ ತಪ್ಪಿಗೆ ಅಂಕ ಕಳೆದುಕೊಳ್ಳುತ್ತದೆ. ಮೃದುವಾಗಿ ತಿದ್ದುವ ಒಂದು ವಿಧಾನ ನಮಗೆಲ್ಲ ಗೊತ್ತು. ಮಗು “ಶಿ ಗೋ ಟು ಮಾರ್ಕೆಟ್” ಎಂದರೆ ಶಿಕ್ಷಕರು “ಯೆಸ್, ಶಿ ಗೋಸ್ ಟು ದ ಮಾರ್ಕೆಟ್” ಎಂದು ಸರಿಯಾದ ರೂಪವನ್ನು ತಾವೇ ಹೇಳುತ್ತಾರೆ. ಲೈಸ್ಟರ್ ಮತ್ತು ರಾಂಟಾ 1997ರಲ್ಲಿ ಕೆನಡಾದ ಫ್ರೆಂಚ್ ಮಾಧ್ಯಮದ ತರಗತಿಗಳನ್ನು ಗಮನಿಸಿದಾಗ ಶಿಕ್ಷಕರು ಅತಿ ಹೆಚ್ಚು ಬಳಸುತ್ತಿದ್ದುದು ಇದನ್ನೇ, ಆದರೆ ಮಕ್ಕಳು ಅದಕ್ಕೆ ಸ್ಪಂದಿಸಿ ತಮ್ಮ ಮಾತನ್ನು ಸರಿಮಾಡಿಕೊಂಡದ್ದು ಕಡಿಮೆ. ‘ಯೆಸ್’ ಎಂಬ ಮಾತು ಕೇಳಿದ ಮಗು ತನ್ನದೇ ಸರಿ ಎಂದುಕೊಂಡಿರಲೂಬಹುದು. ಮನಸ್ಸಿಗೆ ನೋವಾಗದ ತಿದ್ದುಪಡಿ ಮನಸ್ಸಿಗೆ ತಟ್ಟದೆಯೂ ಹೋಗಬಹುದು.

ನಮ್ಮ ಶಾಲೆಯ ಇಂಗ್ಲಿಷ್ ಶಿಕ್ಷಕರ ಒಂದು ಕ್ರಮ ನನಗೆ ಹಿಡಿಸಿತು. ಮಕ್ಕಳು ಮಾತನಾಡುವಾಗ ಅವರು ನಡುವೆ ತಡೆಯುವುದಿಲ್ಲ. ಕೇಳಿದ ತಪ್ಪುಗಳನ್ನು ಹಾಜರಿ ಪುಸ್ತಕದಲ್ಲಿಟ್ಟ ಚೀಟಿಯಲ್ಲಿ ಗುರುತು ಮಾಡಿಕೊಂಡು, ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಮೂರು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಯಾರು ಹೇಳಿದ್ದು ಎಂದು ಹೇಳುವುದಿಲ್ಲ. ಜೋಡಿಯಾಗಿ ತಿದ್ದಿ ಎನ್ನುತ್ತಾರೆ. ಹೇಳಿದ ಮಗುವಿಗೆ ಅದು ತನ್ನ ವಾಕ್ಯ ಎಂದು ಗೊತ್ತಿರುತ್ತದೆ, ಬೇರೆಯವರಿಗೆ ಗೊತ್ತಿರುವುದಿಲ್ಲ. ತಪ್ಪು ಸರಿಯಾಗುತ್ತದೆ, ಅಡ್ಡಹೆಸರು ಹುಟ್ಟುವುದಿಲ್ಲ. ಅವರೇ ರೋಲ್ ನಂಬರ್ ಓದನ್ನು ನಿಲ್ಲಿಸಿ ಇಬ್ಬಿಬ್ಬರು ಒಬ್ಬರಿಗೊಬ್ಬರು ಓದುವ ಕ್ರಮಕ್ಕೆ ಬಂದರು. ತರಗತಿಯಲ್ಲಿ ಈಗ ಗದ್ದಲ ಜಾಸ್ತಿ. ಪಕ್ಕದ ತರಗತಿಯ ಶಿಕ್ಷಕರು ಬಂದು ಬಾಗಿಲಲ್ಲಿ ನೋಡಿ ಹೋಗುತ್ತಾರೆ.

ಕನ್ನಡ ಬಳಸಬೇಕೋ ಬೇಡವೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಕನ್ನಡ ಮಾತನಾಡಿದರೆ ದಂಡ ಹಾಕುವ ಖಾಸಗಿ ಶಾಲೆಯ ಅನುಭವವನ್ನು ನನ್ನ ಸಹಪಾಠಿಯೊಬ್ಬರು ಹೇಳಿದರು. ಅಲ್ಲಿ ಮಕ್ಕಳು ಇಂಗ್ಲಿಷ್ ಕಲಿಯುವುದಕ್ಕಿಂತ ಪಿಸುಗುಟ್ಟುವುದನ್ನು ಹೆಚ್ಚು ಕಲಿತಿದ್ದರಂತೆ. ಎಲ್ಲವನ್ನೂ ಕನ್ನಡದಲ್ಲೇ ಹೇಳಿಬಿಟ್ಟರೆ ಇಂಗ್ಲಿಷ್ ಕಿವಿಗೆ ಬೀಳುವ ಆ ನಲವತ್ತು ನಿಮಿಷವೂ ಹೋಗುತ್ತದೆ. ಸಂದೇಹ ಕೇಳುವುದಕ್ಕೆ ಯಾವ ಭಾಷೆಯಾದರೂ ಸರಿ, ಉತ್ತರವನ್ನು ಮಾತ್ರ ಪಕ್ಕದವರ ಜೊತೆ ಸೇರಿ ಇಂಗ್ಲಿಷಿನಲ್ಲಿ ಹೇಳಲು ಪ್ರಯತ್ನಿಸಬೇಕು ಎಂಬ ಕ್ರಮ ನನ್ನ ತರಗತಿಯಲ್ಲಿ ನಡೆಯಿತು. ಮುಂದಿನ ವರ್ಷ ಬೇರೆ ಶಾಲೆಯಲ್ಲಿ ನಡೆಯುತ್ತದೆಯೋ ನೋಡಬೇಕು.

ಹನ್ನೆರಡು ಹೆಸರುಗಳ ಪಟ್ಟಿ ಈಗ ಎರಡಾಗಿದೆ. ಅಕ್ಷರ ಜೋಡಣೆ ಬಾರದವರಿಗೆ ದಿನಕ್ಕೆ ಅರ್ಧ ಗಂಟೆಯ ಪರಿಹಾರ ಬೋಧನೆ ನಡೆಯುತ್ತಿದೆ. ಅವರ ಪ್ರಗತಿ ನಿಧಾನ, ಮಾಧ್ಯಮ ಬದಲಾವಣೆಯ ಬಗ್ಗೆ ಅವರ ಪೋಷಕರ ಜೊತೆ ಮಾತುಕತೆ ಇನ್ನೂ ಬಾಕಿ ಇದೆ. ಓದಬಲ್ಲವರ ಹೆಸರು ಮಾಧ್ಯಮ ಬದಲಾವಣೆಯ ಪಟ್ಟಿಯಿಂದ ಹೋಗಿದೆ. ಆ ಹುಡುಗಿ ಇಂಗ್ಲಿಷ್ ಪೀರಿಯಡ್‌ನಲ್ಲಿ ಈಗಲೂ ತಾನಾಗಿ ಎದ್ದು ನಿಲ್ಲುವುದಿಲ್ಲ, ಜೋಡಿ ಓದಿನಲ್ಲಿ ಓದುತ್ತಾಳೆ.

ಮುಂದಿನ ಮೌಖಿಕ ಪರೀಕ್ಷೆಯನ್ನು ಇಡೀ ತರಗತಿಯ ಮುಂದೆ ಮಾಡದೆ ಜಗುಲಿಯಲ್ಲಿ ಒಬ್ಬೊಬ್ಬರಿಗೆ ಮಾಡೋಣ ಎಂದು ಶಿಕ್ಷಕರು ಒಪ್ಪಿದ್ದಾರೆ. ಸಮಯ ಎಲ್ಲಿದೆ ಎಂಬ ಪ್ರಶ್ನೆ ಬಂತು. ಲೆಕ್ಕ ಹಾಕಿದೆವು: 41 ಮಕ್ಕಳಿಗೆ ತಲಾ ಮೂರು ನಿಮಿಷ ಎಂದರೆ 123 ನಿಮಿಷ, 40 ನಿಮಿಷದ ಮೂರು ಪೀರಿಯಡ್‌ಗಿಂತ ಮೂರು ನಿಮಿಷ ಹೆಚ್ಚು. ಒಳಗೆ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಆ ಮೂರು ಪೀರಿಯಡ್‌ಗಳಿಗೆ ನನ್ನ ವಿಜ್ಞಾನದ ಪಾಠಯೋಜನೆ ಸಿದ್ಧವಾಗಿದೆ.